ಕೈಯಿಂದ ದುಡ್ಡು ಹಾಕಿ ಊರ ನಾಟಕದಲ್ಲಿ ಪಾತ್ರ ಮಾಡುವುದರಿಂದ ಏನು ಲಾಭ?

ನೀವು ಕೇಳಿರುವುದು ಇಷ್ಟು. ಊರಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡುವುದು ಅಂತ ನಿಗದಿಯಾಗಿದೆ. 58 ವರ್ಷದ ನಿಮ್ಮ ತಂದೆ ಭೀಮನ ಪಾತ್ರಕ್ಕೆ ಅಡ್ವಾನ್ಸ್ ಕೊಟ್ಟು ಬಂದಿದ್ದಾರೆ. ನಟರಿಗೆ ಸಂಬಳ ಕೊಡುವುದು ಬಿಟ್ಟು ನಟರಿಂದಲೇ ದುಡ್ಡು ಕೀಳುವ ಈ ನಾಟಕದಿಂದ ಅವರಿಗೆ ಸಿಗುವುದಾದರೂ ಏನು, ತಡೆಯಬೇಕಾ ಬಿಡಬೇಕಾ ಅಂತ ಬೆಂಗಳೂರಿನಲ್ಲಿ ಕೂತು ಯೋಚನೆ ಮಾಡುತ್ತಿದ್ದೀರಿ.

ದುಡ್ಡಿನ ಲೆಕ್ಕದಲ್ಲಿ ಲಾಭ ಸೊನ್ನೆ. ಕೈಬಿಟ್ಟು ಹೋಗುವುದೇ ಹೊರತು ಬರುವುದಿಲ್ಲ. ಆದರೂ ನಾನಾಗಿದ್ದರೆ ತಡೆಯುತ್ತಿರಲಿಲ್ಲ.

ನಾನು ಮಂಡ್ಯ ಜಿಲ್ಲೆಯವನು, ಊರಿನ ಹಾಲಿನ ಡೈರಿಯಲ್ಲಿ ಕೆಲಸ. ವಿದುರನ ಪಾತ್ರ ಮಾಡಿದ್ದೇನೆ, ಸೈಂಧವನನ್ನೂ ಮಾಡಿದ್ದೇನೆ. ಯಾವ ಮಟ್ಟದ ನಟ ಅಂತ ಅದರಲ್ಲೇ ಗೊತ್ತಾಗುತ್ತೆ ಅಲ್ವಾ. ದುರ್ಯೋಧನ, ಕೃಷ್ಣ, ಕರ್ಣ ಇವೆಲ್ಲ ದುಬಾರಿ ಪಾತ್ರಗಳು, ಹತ್ತಾರು ಸಾವಿರ ಆಗುತ್ತದೆ. ವಿದುರ, ಸಾತ್ಯಕಿ, ಸೈಂಧವ ನಮ್ಮಂಥವರಿಗೆ. ಹಾಡು ಜಾಸ್ತಿ ಇದ್ದಷ್ಟೂ ರೇಟು ಜಾಸ್ತಿ. ಈ ದುಡ್ಡು ಯಾರ ಜೇಬಿಗೂ ಹೋಗುವುದಿಲ್ಲ. ಸೀನರಿ, ಲೈಟು, ಮೈಕು, ಡ್ರೆಸ್ಸು, ಮೇಕಪ್ಪು, ತಬಲಾದವರು, ಹೊರಗಿನಿಂದ ಕರೆಸುವ ಸ್ತ್ರೀ ಪಾತ್ರದ ಕಲಾವಿದೆಯರು, ಅಷ್ಟೂ ಜನರ ಊಟ. ಎಲ್ಲಕ್ಕಿಂತ ಮೊದಲು ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ. ಟಿಕೆಟ್ ಇಲ್ಲ, ನೋಡುವವರಿಗೆ ಪುಕ್ಕಟೆ. ಹಾಗಾಗಿ ಖರ್ಚು ಪಾತ್ರಧಾರಿಗಳ ತಲೆಯ ಮೇಲೆ.

ಊರವರೇ ನಾಟಕ ಆಡುವ ಈ ಪದ್ಧತಿಯ ಬೇರು ಕಂಪನಿ ನಾಟಕಗಳಲ್ಲಿ, ಅಂದರೆ ಟಿಕೆಟ್ ಇಟ್ಟು ಆಡುವ ವೃತ್ತಿ ತಂಡಗಳ ನಾಟಕಗಳಲ್ಲಿದೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಆಮೇಲೆ ವೀರಣ್ಣನವರ ಕೈಯಲ್ಲಿ ಬೆಳೆದು, 1930ರ ದಶಕದಲ್ಲಿ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಅದನ್ನು ನೋಡಿದ ಜನ ಊರಿಗೆ ಬಂದು ತಾವೂ ಆಡಬೇಕು ಅಂದರು. ಕಂಪನಿಗಳಲ್ಲಿ ಪಳಗಿದ ಮೇಷ್ಟ್ರುಗಳು ಹಳ್ಳಿ ಹಳ್ಳಿಗೆ ಹೋಗಿ ಅದೇ ಮಟ್ಟುಗಳನ್ನು ಕಲಿಸಿದರು. ಮಂಡ್ಯ, ತುಮಕೂರು, ಹಾಸನ, ರಾಮನಗರದ ಕಡೆ ಇವತ್ತಿಗೂ ಅದೇ ನಡೆದುಕೊಂಡು ಬಂದಿದೆ.

ಇನ್ನು ಲಾಭದ ಮಾತು. ಎಲ್ಲರೂ ನಾಟಕದ ರಾತ್ರಿಯನ್ನೇ ನೋಡುತ್ತಾರೆ. ಕಿರೀಟ, ಭುಜಕೀರ್ತಿ, ಒನ್ಸ್ ಮೋರ್, ನೋಟಿನ ಹಾರ. ಅದು ಒಂದು ರಾತ್ರಿಯ ಗಮ್ಮತ್ತು. ನಿಮ್ಮ ತಂದೆ ದುಡ್ಡು ಕೊಟ್ಟಿರುವುದು ಅದಕ್ಕಿಂತ ಮುಂಚಿನ ನಾಲ್ಕೈದು ತಿಂಗಳ ತಾಲೀಮಿಗೆ ಅಂತ ನಾನು ಹೇಳುತ್ತೇನೆ. ಅವರನ್ನು ಕೇಳಿದರೆ ಅವರೂ ಒಪ್ಪಲಿಕ್ಕಿಲ್ಲ, ಆದರೆ ನಿಜ ಅದೇ.

ನಮ್ಮಲ್ಲಿ ತಾಲೀಮು ದೇವಸ್ಥಾನದ ಪಕ್ಕದ ಸಮುದಾಯ ಭವನದಲ್ಲಿ. ಹಾಲು ಹಾಕಿ, ಉಂಡು, ರಾತ್ರಿ ಎಂಟೂವರೆ ಹೊತ್ತಿಗೆ ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ. ಕಂದ ಪದ್ಯಕ್ಕೆ ತಾಳ ಇರುವುದಿಲ್ಲ. ಉಸಿರು ಹಿಡಿದು, ರಾಗ ಎಳೆದು, ಕೊನೆಯ ಅಕ್ಷರವನ್ನು ಸರಿಯಾದ ಸ್ವರಕ್ಕೆ ತಂದು ನಿಲ್ಲಿಸಬೇಕು. ನಮ್ಮ ಕರ್ಣನಿಗೆ ಊರಲ್ಲಿ ಎಲ್ಲರಿಗಿಂತ ಜಾಸ್ತಿ ಜಮೀನು. ಬೇರೆ ಕಡೆ ಅವನ ಮಾತಿಗೆ ಎದುರು ಮಾತಿಲ್ಲ. ಇಲ್ಲಿ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ, 'ಶ್ರುತಿ ಬಿಟ್ಟು ಎಲ್ಲಿಗಪ್ಪಾ ಹೋಗ್ತಿದ್ದೀಯ, ಮತ್ತೆ ಬಾ' ಅನ್ನುತ್ತಾರೆ. ಅವನು ತಲೆ ತಗ್ಗಿಸಿ ಮತ್ತೆ ಮೊದಲಿಂದ ಎತ್ತಿಕೊಳ್ಳುತ್ತಾನೆ. ಪಕ್ಕದಲ್ಲಿ ಅವನದೇ ತೋಟದಲ್ಲಿ ಕಾಯಿ ಕೀಳುವ ಶಕುನಿ ಕೂತು ನಗುತ್ತಿರುತ್ತಾನೆ. ಐವತ್ತು ದಾಟಿದ ಗಂಡಸರನ್ನು ತಿದ್ದುವವರು ಊರಲ್ಲಿ ಬೇರೆ ಯಾರಿದ್ದಾರೆ ಹೇಳಿ?

ಆ ಶಕುನಿ ಓದಿದ್ದು ನಾಲ್ಕನೇ ಕ್ಲಾಸು. ಮಾತು ಪೂರ್ತಿ ಕಿವಿಯಲ್ಲೇ ಕಲಿತ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ನಡುರಾತ್ರಿ ಮೇಲೆ ಬರುತ್ತದೆ. ಕಬ್ಬಿಗೆ ನೀರು ತಿರುಗಿಸುತ್ತಾ ಅವನು ದಾಳದ ಸೀನಿನ ಮಾತು ಒದರುವುದು, ಆಚೆ ಗದ್ದೆಯಿಂದ ದುರ್ಯೋಧನ 'ಭಲೇ ಮಾವ' ಅನ್ನುವುದು. ಮೊದಲ ಸಲ ಕೇಳಿದವರು ಹೆದರಿದ್ದೂ ಉಂಟು.

ನಿಮ್ಮ ತಂದೆಯ ವಯಸ್ಸಿನವರ ಕಥೆ ಸ್ವಲ್ಪ ಯೋಚಿಸಿ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಸಂಜೆಯಾದರೆ ಅರಳಿಕಟ್ಟೆ, ಇಲ್ಲ ಟೀವಿ, ಇಲ್ಲ ಬಾರು. ಅರಳಿಕಟ್ಟೆಗೆ ಒಂದು ದಿನ ಹೋಗದಿದ್ದರೆ ಯಾರೂ ಕೇಳುವುದಿಲ್ಲ. ತಾಲೀಮಿಗೆ ಭೀಮ ಬರಲಿಲ್ಲ ಅಂದರೆ ದುಶ್ಶಾಸನ ಸುಮ್ನೆ ಕೂರಬೇಕು, ಅವನ ಸೀನು ನಡೆಯುವುದಿಲ್ಲ. ಅರ್ಧ ಗಂಟೆಯೊಳಗೆ ಮನೆ ಬಾಗಿಲಿಗೆ ಬೈಕು ಬಂದು ನಿಂತಿರುತ್ತದೆ. ಜ್ವರವಾ, ಸಿಟ್ಟಾ, ಮನೇಲಿ ಏನಾದರೂ ಆಯ್ತಾ ಅಂತ ವಿಚಾರಿಸಿಕೊಂಡೇ ಹೋಗುತ್ತಾರೆ. ನೀವಿಲ್ಲದೆ ಕೆಲಸ ನಿಂತಿದೆ ಅಂತ ಯಾರಾದರೂ ಬಂದು ಕರೆಯುವುದು ಇದೆಯಲ್ಲ, ಆ ವಯಸ್ಸಿನಲ್ಲಿ ಅದಕ್ಕೆ ಎಷ್ಟು ಬೆಲೆ ಕಟ್ಟುತ್ತೀರಿ?

ಇದು ನನ್ನೊಬ್ಬನ ಹುಚ್ಚು ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಹಾಡು, ನಾಟಕ, ಕುಣಿತಗಳಲ್ಲಿ ತೊಡಗಿಕೊಳ್ಳುವುದು ಮನಸ್ಸಿಗೂ ದೇಹಕ್ಕೂ ಒಳ್ಳೆಯದು ಅಂತ ವರದಿ ಕೊಟ್ಟಿದೆ. ನನಗೆ ಅದಕ್ಕಿಂತ ಹಿಡಿಸಿದ್ದು 2015ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನ. ಹೊಸದಾಗಿ ಹಾಡಿನ ಕ್ಲಾಸಿಗೆ ಸೇರಿದವರನ್ನೂ ಕರಕುಶಲ, ಬರವಣಿಗೆ ಕ್ಲಾಸಿಗೆ ಸೇರಿದವರನ್ನೂ ಏಳು ತಿಂಗಳು ಹೋಲಿಸಿ ನೋಡಿದರು. ಕೊನೆಗೆ ಎಲ್ಲ ಗುಂಪಿನವರೂ ತಂತಮ್ಮಲ್ಲಿ ಹತ್ತಿರವಾಗಿದ್ದರು. ಆದರೆ ಹಾಡಿದವರು ಎಲ್ಲರಿಗಿಂತ ಬೇಗ ಹತ್ತಿರವಾದರು. ಇದನ್ನು ಓದಿದಾಗ ನಮ್ಮ ಮೇಷ್ಟ್ರು ನೆನಪಾದರು. ಅವರು ಮೊದಲ ವಾರ ಮಾತನ್ನು ಮುಟ್ಟುವುದೇ ಇಲ್ಲ. ಎಲ್ಲರಿಗೂ ಸೇರಿಸಿ ಪ್ರಾರ್ಥನೆ ಹಾಡು ಹೇಳಿಕೊಡುತ್ತಾರೆ.

ಹಾಗಂತ ನಾಟಕ ಆಡಿದ ಕೂಡಲೇ ಊರು ಒಂದಾಗುತ್ತೆ ಅಂತ ಕಥೆ ಕಟ್ಟಲಾರೆ. ನಮ್ಮ ಧರ್ಮರಾಯ, ದುರ್ಯೋಧನ ಇಬ್ಬರೂ ನಿಜಕ್ಕೂ ದಾಯಾದಿಗಳು. ಬದುವಿನ ಕೇಸು ಕೋರ್ಟಿನಲ್ಲಿದೆ. ನಾಟಕ ಮುಗಿದ ಮೇಲೂ ಯಾರೂ ವಾಪಸ್ ತಗೊಳ್ಳಲಿಲ್ಲ. ಈಗ ವಾಯಿದೆ ದಿನ ಇಬ್ಬರೂ ಒಂದೇ ಬೈಕಿನಲ್ಲಿ ಹೋಗುತ್ತಾರೆ, ಪೆಟ್ರೋಲು ಉಳಿಯುತ್ತೆ ಅಂತ. ಪಾತ್ರ ಹಂಚುವಾಗ ಜಗಳ ಇದ್ದೇ ಇರುತ್ತದೆ. ಹಿಂದೆ ನಮ್ಮೂರಲ್ಲಿ ಯಾವ ಕೇರಿಯವರಿಗೆ ಯಾವ ಪಾತ್ರ ಅನ್ನುವುದರಲ್ಲೂ ಜಾತಿ ಇತ್ತು. ಈಗ ದುಡ್ಡು ಕಟ್ಟಿದವರಿಗೆ ಪಾತ್ರ. ಇದನ್ನು ಸುಧಾರಣೆ ಅನ್ನಬೇಕೋ ಬೇಡವೋ, ಆದರೆ ಹಿಂದೆ ಆ ಪಾತ್ರ ಸಿಗದಿದ್ದ ಕೇರಿಯ ಹುಡುಗ ಕೃಷ್ಣನಾಗಿ ನಿಂತಾಗ ಎಲ್ಲರೂ ಹಾರ ಹಾಕಿದ್ದನ್ನು ನೋಡಿದ್ದೇನೆ.

ನನಗೆ ಬೇಸರ ಇರುವುದು ಹೆಂಗಸರ ವಿಷಯದಲ್ಲಿ. ಊರಿನ ಹೆಣ್ಣುಮಕ್ಕಳು ನೋಡುವುದಕ್ಕೆ ಬೇಕು, ಪಾತ್ರಕ್ಕೆ ಮಾತ್ರ ಹೊರಗಿನವರು. ರಂಗನಟಿ ಆರ್. ನಾಗರತ್ನಮ್ಮನವರು 1958ರಲ್ಲೇ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಭೀಮ, ಕಂಸನಂಥ ಪಾತ್ರಗಳಲ್ಲಿ ಗುಡುಗಿದ್ದರು. ಈಗೀಗ ಅಲ್ಲಲ್ಲಿ ಮಹಿಳೆಯರೇ ಪೂರ್ತಿ ಕುರುಕ್ಷೇತ್ರ ಆಡುತ್ತಿದ್ದಾರೆ. ನಿಮ್ಮ ತಾಯಿಯವರಿಗೆ ಹಾಡುವ ಆಸೆ ಇದೆಯಾ ಅಂತ ಒಮ್ಮೆ ಕೇಳಿ ನೋಡಿ. ತಾಲೀಮಿನ ಸುಖ ಬರೀ ಅಪ್ಪಂದಿರಿಗೆ ಯಾಕೆ?

ಪೌರಾಣಿಕವೇ ಆಗಬೇಕು ಅಂತಲೂ ಇಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಊರವರು ಹವ್ಯಾಸಕ್ಕೆ ಕಟ್ಟಿದ ನಾಟಕ ಸಂಘ ನೀನಾಸಂ ಎಲ್ಲಿಗೆ ಬೆಳೆಯಿತು ಅಂತ ನಿಮಗೂ ಗೊತ್ತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಂಗ ನಿರ್ದೇಶಕ ಹುಲುಗಪ್ಪ ಕಟ್ಟೀಮನಿಯವರು ಜೈಲಿನ ಕೈದಿಗಳಿಂದ ನಾಟಕ ಆಡಿಸಿದರು. ಅಷ್ಟು ದೊಡ್ಡದು ನಮ್ಮಿಂದ ಆಗುವುದಿಲ್ಲ ಬಿಡಿ.

ಈಗ ನಿಮ್ಮ ತಂದೆಯ ವಿಷಯ. ಪಾತ್ರಕ್ಕೆ ಕೊಡುವ ದುಡ್ಡು ಸಾಲದ್ದಾ ಅಂತ ಮೆಲ್ಲಗೆ ತಿಳಿದುಕೊಳ್ಳಿ. ಚಿನ್ನ ಅಡ ಇಟ್ಟು ದುರ್ಯೋಧನನಾದವರನ್ನು ಕಂಡಿದ್ದೇನೆ, ಅದು ಬೇಡ. ಸಾಲ ಮಾಡುವಂತಿದ್ದರೆ ಚಿಕ್ಕ ಪಾತ್ರ ತಗೊಳ್ಳಿ ಅನ್ನಿ, ತಾಲೀಮು ಎಲ್ಲರಿಗೂ ಒಂದೇ. ಎರಡನೆಯದು ಆರೋಗ್ಯ. ನಾಟಕ ರಾತ್ರಿ ಶುರುವಾದರೆ ಮುಗಿಯುವಾಗ ಬೆಳಕು ಹರಿದಿರುತ್ತದೆ. ಮಧ್ಯೆ ಮಧ್ಯೆ ಹಾರ ಹಾಕುವವರು ಸಾಲುಗಟ್ಟಿ ಬಂದು ಯುದ್ಧವನ್ನೇ ನಿಲ್ಲಿಸುತ್ತಾರೆ. ಬಿಪಿ, ಶುಗರ್ ಇದ್ದರೆ ಮಾತ್ರೆ, ಊಟದ ಹೊತ್ತು ತಪ್ಪಬಾರದು. ಮಂಡ್ಯದ ಕಲಾಮಂದಿರದಂಥ ಕಡೆ ಹಗಲಲ್ಲೇ ಆಡುವುದುಂಟು, ಊರಹಬ್ಬಕ್ಕೆ ಆ ಅನುಕೂಲ ಇರುವುದಿಲ್ಲ. ಭೀಮನ ಗದೆ ಹಗುರ, ಹೆದರಬೇಡಿ. ಉಸಿರಿನದ್ದೇ ಕಷ್ಟ. ಕೂಗಿ ಕೂಗಿ ಮೊದಲ ತಿಂಗಳಲ್ಲೇ ಗಂಟಲು ಕಟ್ಟುತ್ತದೆ. ಹೊಟ್ಟೆಯಿಂದ ದನಿ ತೆಗೆಯುವುದನ್ನು ಮೇಷ್ಟ್ರು ಕಲಿಸುವವರೆಗೆ ಬಿಸಿನೀರು ಕುಡಿಯಲಿ.

ವಯಸ್ಸಾಯ್ತು, ಭೀಮ ಬೇಡ, ಭೀಷ್ಮ ಮಾಡಿ ಅಂತ ಮಾತ್ರ ಹೇಳಬೇಡಿ. ಆಮೇಲೆ ನಿಮ್ಮ ಹತ್ತಿರ ಮಾತು ಬಿಡುತ್ತಾರೆ.

ನಾಟಕದ ದಿನ ರಜೆ ಹಾಕಿ ಹೋಗಿ, ಒಂದು ಹಾರ ಹಿಡಿದುಕೊಂಡು. ಬಣ್ಣ ತೆಗೆಯುವುದಕ್ಕೆ ಕೊಬ್ಬರಿ ಎಣ್ಣೆ ಮತ್ತು ಒಂದು ಹಳೇ ಪಂಚೆ ಕೈಯಲ್ಲಿರಲಿ. ಬೆಳಗ್ಗೆ ಆರಕ್ಕೆ ಗ್ರೀನ್ ರೂಮಿನಲ್ಲಿ ಐದು ಜನ ಪಾಂಡವರೂ ಅದನ್ನೇ ಹುಡುಕುತ್ತಿರುತ್ತಾರೆ, ಒಬ್ಬರೂ ತಂದಿರುವುದಿಲ್ಲ.