ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕಿಕೊಳ್ಳಬಹುದೇ?

ಪ್ರಶ್ನೆ: ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಿನಲ್ಲಿ ನಮ್ಮ ತಂದೆಯವರ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲೊಂದು (ಒತ್ತಿದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದಿತ್ತು. ಅವರು ಅದನ್ನು ಒತ್ತುವ ಮುನ್ನ ನಾನು ತಡೆದೆ. ಆದರೆ ನಾನೇ ಕೆಲವು ಆ್ಯಪ್‌ಗಳನ್ನು ಹೊರಗಿನಿಂದ ಹಾಕಿಕೊಂಡಿದ್ದೇನೆ. ಇದು ಕಾನೂನಿಗೆ ವಿರುದ್ಧವೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಸೈಡ್‌ಲೋಡಿಂಗ್ ಎನ್ನುವ ಈ ಕ್ರಮವನ್ನೇ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಮುಕ್ತ ತಂತ್ರಾಂಶಗಳ ಆ್ಯಪ್ ಭಂಡಾರವಾದ ಎಫ್-ಡ್ರಾಯ್ಡ್ ಆಗಲಿ, ಬೆಂಗಳೂರಿನ ಫೋನ್‌ಪೇ ಸಂಸ್ಥೆ 2024ರಲ್ಲಿ ಆರಂಭಿಸಿದ ಇಂಡಸ್ ಆ್ಯಪ್‌ಸ್ಟೋರ್ ಆಗಲಿ ಈ ದಾರಿಯಲ್ಲೇ ಫೋನಿಗೆ ಬರುತ್ತವೆ. ಆದರೆ ಹಣ ಕೊಟ್ಟು ಪಡೆಯಬೇಕಾದ ಆ್ಯಪ್‌ನ ಬೀಗ ಮುರಿದು ಹಂಚುವ 'ಮಾಡ್' ಪ್ರತಿಯನ್ನು ಗೊತ್ತಿದ್ದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 63ಬಿ ಅಡಿಯಲ್ಲಿ ಅಪರಾಧವಾಗುತ್ತದೆ. ಅಂಥ ಪ್ರತಿಯಲ್ಲಿ ಮೂಲ ತಯಾರಕರ ಡಿಜಿಟಲ್ ಸಹಿ ಇರುವುದಿಲ್ಲವಾದ್ದರಿಂದ, ಅವರು ಮುಂದೆ ಕೊಡುವ ಸುರಕ್ಷತಾ ಅಪ್‌ಡೇಟ್ ಅದರ ಮೇಲೆ ಕೂರುವುದೂ ಇಲ್ಲ. ನಿಮ್ಮ ಫೋನಿನಲ್ಲಿ ಅಂಥದ್ದಿದ್ದರೆ ದಯವಿಟ್ಟು ಇಂದೇ ತೆಗೆದುಹಾಕಿ.

ನಿಮ್ಮ ತಂದೆಯವರಿಗೆ ಬಂದದ್ದು ಇದಕ್ಕಿಂತ ಘೋರವಾದದ್ದು. ದಂಡದ ವಿವರ ತೋರಿಸಲು ಆ್ಯಪ್‌ಗೆ ಎಸ್‌ಎಂಎಸ್ ಓದುವ ಅನುಮತಿ ಏಕೆ ಬೇಕು? ಬ್ಯಾಂಕಿನ ಓಟಿಪಿ ಕದಿಯುವುದಕ್ಕೇ ಅದನ್ನು ಕೇಳುತ್ತಾರೆ. ಆಕ್ಸೆಸಿಬಿಲಿಟಿ ಅನುಮತಿಯೂ ಸಿಕ್ಕಿಬಿಟ್ಟರೆ, ಪರದೆಯ ಮೇಲಿರುವುದನ್ನು ಓದಿ, ನಿಮ್ಮ ಪರವಾಗಿ ಗುಂಡಿಗಳನ್ನು ಒತ್ತುವ ಶಕ್ತಿಯೂ ಅದಕ್ಕೆ ಬರುತ್ತದೆ. ಹೊರಗಿನಿಂದ ಬಂದ ಆ್ಯಪ್‌ಗಳಿಗೆ ಈ ಅನುಮತಿ ಸುಲಭವಾಗಿ ಸಿಗದಂತೆ 2022ರ ಆಂಡ್ರಾಯ್ಡ್ 13 ತಡೆ ಹಾಕಿದೆ. ಆ ತಡೆಯನ್ನು ತೆಗೆಯಿರಿ ಎಂದು ಯಾರಾದರೂ ಕರೆ ಮಾಡಿ ದಾರಿ ಹೇಳಿಕೊಟ್ಟರೆ ಅವರು ವಂಚಕರೆಂದೇ ತಿಳಿಯಿರಿ. ದಂಡ ನಿಜವಾಗಿ ಇದೆಯೇ ಎಂಬುದನ್ನು ಸಂಚಾರ ಪೊಲೀಸರ ಜಾಲತಾಣದಲ್ಲೋ ಬೆಂಗಳೂರು ಒನ್ ಕೇಂದ್ರದಲ್ಲೋ ವಾಹನದ ಸಂಖ್ಯೆ ಕೊಟ್ಟು ವಿಚಾರಿಸಬಹುದು.

ಒಂದು ವೇಳೆ ಯಾರಾದರೂ ಇಂಥ ಫೈಲನ್ನು ಹಾಕಿಕೊಂಡೇಬಿಟ್ಟಿದ್ದರೆ, ಮೊದಲು ಆ ಫೋನಿನ ಇಂಟರ್‌ನೆಟ್ ನಿಲ್ಲಿಸಬೇಕು; ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ತಡೆಹಿಡಿಸಬೇಕು; ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಾಚಿಕೆಯಿಂದ ಮನೆಯವರ ಬಳಿ ಮುಚ್ಚಿಡುವ ಹಿರಿಯರಿದ್ದಾರೆ, ಅವರನ್ನು ಗದರಿಸಬೇಡಿ.

ಈಗ ತಂದೆಯವರ ಫೋನಿನ ಸೆಟ್ಟಿಂಗ್ಸ್ ತೆರೆದು, ಅಪರಿಚಿತ ಆ್ಯಪ್ ಸ್ಥಾಪಿಸುವ ಅನುಮತಿಯ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್ ಮತ್ತು ಬ್ರೌಸರ್‌ನ ಮುಂದಿರುವ ಗುಂಡಿ ಆಫ್ ಆಗಿದೆಯೇ ಎಂದು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.