ಮುಚ್ಚಳದ ಒಳಗಿನ ಆಕಾಶ

ಪ್ರಶ್ನೆ: ಪ್ರಾಚೀನ ಈಜಿಪ್ಟಿನವರು ಶವಪೆಟ್ಟಿಗೆಯ ಮುಚ್ಚಳದ ಒಳಭಾಗದಲ್ಲಿ ಆಕಾಶವನ್ನೂ ನಕ್ಷತ್ರಗಳನ್ನೂ ಚಿತ್ರಿಸುತ್ತಿದ್ದುದೇಕೆ?

ಉತ್ತರ: ಅವರ ಪಾಲಿಗೆ ಆಕಾಶವೆಂದರೆ ಭೂಮಿಯ ದೇವನಾದ ಗೆಬ್‌ನ ಮೇಲೆ ಬಾಗಿ ನಿಂತ ನುಟ್ ದೇವತೆಯ ದೇಹ. ಆಕೆ ಪ್ರತಿ ಸಂಜೆ ಸೂರ್ಯನನ್ನು ನುಂಗಿ ಮರುದಿನ ಬೆಳಗ್ಗೆ ಮತ್ತೆ ಹೆರುತ್ತಾಳೆಂದು ಅವರು ನಂಬಿದ್ದರಿಂದ, ಮುಚ್ಚಳದಲ್ಲಿ ಆಕೆಯನ್ನು ಚಿತ್ರಿಸುವುದೆಂದರೆ ಸತ್ತವರನ್ನು ಮರುಹುಟ್ಟು ನೀಡಬಲ್ಲ ತಾಯಿಯ ಒಡಲಿಗೆ ಒಪ್ಪಿಸುವುದೇ ಆಗಿತ್ತು.

ಈ ನಂಬಿಕೆಯ ಹಿಂದೆ ತಲೆಮಾರುಗಳ ತಾಳ್ಮೆಯ ಆಕಾಶವೀಕ್ಷಣೆಯಿತ್ತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಧ್ರುವದ ಸುತ್ತ ತಿರುಗುತ್ತ ಎಂದೂ ಅಸ್ತವಾಗದ ಉತ್ತರದ ನಕ್ಷತ್ರಗಳನ್ನು ಅವರು ಅಳಿವಿಲ್ಲದವೆಂದು ಕರೆದರು, ಸಕ್ಕಾರಾದಲ್ಲಿ ಕ್ರಿ.ಪೂ. 24ನೇ ಶತಮಾನದ ದೊರೆ ಉನಾಸ್‌ನ ಪಿರಮಿಡ್ಡಿನ ಒಳಗೋಡೆಗಳ ಮೇಲೆ ಕೆತ್ತಿದ ಮಂತ್ರಗಳು ಮೃತ ದೊರೆಯನ್ನು ಆಕಾಶಕ್ಕೆ ಏರಿಸಿ ಆ ನಕ್ಷತ್ರಗಳ ಜೊತೆ ಸೇರಿಸುತ್ತವೆ. ರಾತ್ರಿಯ ಹೊತ್ತನ್ನು ಅಳೆಯಲು ಅವರು 36 ನಕ್ಷತ್ರಗುಂಪುಗಳನ್ನು ಗುರುತಿಸಿಕೊಂಡಿದ್ದರು. ಅಂತಹ ಪ್ರತಿಯೊಂದು ಗುಂಪೂ ಸುಮಾರು 70 ದಿನ ಕಣ್ಮರೆಯಾಗಿದ್ದು, ಬಳಿಕ ಸೂರ್ಯೋದಯಕ್ಕೆ ಮುನ್ನ ಪೂರ್ವದಲ್ಲಿ ಮತ್ತೆ ಮೂಡುತ್ತದೆ. ಶವವನ್ನು ಮಮ್ಮಿಯಾಗಿಸುವ ವಿಧಿಗೆ ಸಂಪ್ರದಾಯ ಗೊತ್ತುಪಡಿಸಿದ್ದ ಅವಧಿಯೂ 70 ದಿನಗಳೇ, ಇದನ್ನು ಕೇವಲ ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಈಜಿಪ್ಟಿನ ಇತಿಹಾಸದಲ್ಲಿ ಮಧ್ಯ ಸಾಮ್ರಾಜ್ಯವೆನ್ನುವ, ಸುಮಾರು ಕ್ರಿ.ಪೂ. 2000ದ ಆಸುಪಾಸಿನ ಕಾಲದ ಕೆಲವು ಮುಚ್ಚಳಗಳ ಒಳಮೈಯಲ್ಲಿ ಈ ನಕ್ಷತ್ರಗುಂಪುಗಳ ಕೋಷ್ಟಕಗಳೇ ಇವೆ.

ಹೊಸ ಸಾಮ್ರಾಜ್ಯದ (ಸುಮಾರು ಕ್ರಿ.ಪೂ. 1550ರಿಂದ 1070) ವೇಳೆಗೆ ಪಾತಾಳದಲ್ಲಿ ಸೂರ್ಯದೇವನಾದ ರಾ ದೋಣಿಯಲ್ಲಿ ಸಾಗುವ 12 ಗಂಟೆಗಳ ರಾತ್ರಿಯಾತ್ರೆಯ ವರ್ಣನೆ ಪ್ರಾಮುಖ್ಯ ಪಡೆಯಿತು. ಅಲ್ಲಿ ಆತ ಅಪೆಪ್ ಎಂಬ ಸರ್ಪವನ್ನು ಸೋಲಿಸಿ, ನಡುರಾತ್ರಿ ಸತ್ತವರ ಲೋಕದ ದೇವನಾದ ಒಸಿರಿಸ್‌ನೊಂದಿಗೆ ಒಂದಾಗಿ ಹೊಸ ಚೈತನ್ಯ ಪಡೆಯುತ್ತಾನೆ. ರಾಜರ ಕಣಿವೆಯಲ್ಲಿರುವ ಆರನೇ ರಾಮ್ಸೆಸ್‌ನ ಸಮಾಧಿಕೋಣೆಯ ಚಾವಣಿಯಲ್ಲಿ, ಹಗಲಿಗೊಂದು ಇರುಳಿಗೊಂದರಂತೆ ಬೆನ್ನಿಗೆ ಬೆನ್ನು ತಾಗಿಸಿದ ನುಟ್‌ನ ಎರಡು ಬೃಹತ್ ಚಿತ್ರಗಳಿವೆ.