ಬರ್ಲಿನ್ನಿನಲ್ಲಿ ಟಿಕೆಟ್‌ಗೆ ಮುದ್ರೆ

ಪ್ರಶ್ನೆ: ಮಗಳನ್ನು ನೋಡಲು ನಾವಿಬ್ಬರೂ ಬರ್ಲಿನ್‌ಗೆ ಹೊರಟಿದ್ದೇವೆ. ಅಲ್ಲಿನ ಮೆಟ್ರೊದಲ್ಲಿ ಗೇಟೂ ಇಲ್ಲ, ಕಂಡಕ್ಟರರೂ ಇಲ್ಲವಂತೆ. ಹಾಗಾದರೆ ಟಿಕೆಟ್ ಯಾರಿಗೆ ತೋರಿಸಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಆಳಂದದ ಬಸ್ಸಿನಲ್ಲಿ ಕಂಡಕ್ಟರರೇ ಸೀಟಿನ ಬಳಿ ಬಂದು ಟಿಕೆಟ್ ಕೊಡುತ್ತಾರೆ; ಬರ್ಲಿನ್ನಿನಲ್ಲಿ ಆ ಹೊಣೆಯೆಲ್ಲ ಪ್ರಯಾಣಿಕರದ್ದೇ. ಯಂತ್ರದಿಂದ ಕೊಂಡ ಕಾಗದದ ಟಿಕೆಟನ್ನು ರೈಲು ಹತ್ತುವ ಮೊದಲೇ ಪ್ಲಾಟ್‌ಫಾರ್ಮಿನಲ್ಲಿರುವ ಪುಟ್ಟ ಪೆಟ್ಟಿಗೆಯ ಸೀಳಿಗೆ ತೂರಿಸಿ ಸಮಯದ ಮುದ್ರೆ ಒತ್ತಿಸಿಕೊಳ್ಳದಿದ್ದರೆ, ಹಣ ಕೊಟ್ಟಿದ್ದರೂ ಅದು ಟಿಕೆಟ್ ಇಲ್ಲದ ಪ್ರಯಾಣವೆಂದೇ ಎಣಿಕೆಯಾಗಿ, ಸಾದಾ ಉಡುಪಿನಲ್ಲಿ ಬರುವ ತಪಾಸಣೆಯವರು 60 ಯೂರೊ ದಂಡ ಹಾಕಬಹುದು. ‘ಊರಿಗೆ ಹೊಸಬರು, ಗೊತ್ತಿರಲಿಲ್ಲ’ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಒಂದು ಬಾರಿಯ ಟಿಕೆಟ್ ಮುದ್ರೆ ಬಿದ್ದಾಗಿನಿಂದ 2 ಗಂಟೆ, ಒಂದೇ ದಿಕ್ಕಿನ ಪ್ರಯಾಣಕ್ಕೆ ನಡೆಯುತ್ತದೆ. ನಡುವೆ ಬಸ್ಸು, ರೈಲು ಬದಲಿಸಬಹುದು. ಟಿಕೆಟ್ ದರಕ್ಕಾಗಿ ಊರನ್ನು ಎ, ಬಿ, ಸಿ ಎಂಬ ಮೂರು ವಲಯಗಳಾಗಿ ವಿಂಗಡಿಸಿದ್ದಾರೆ; ವಿಮಾನ ನಿಲ್ದಾಣವಿರುವುದು ಸಿ ವಲಯದಲ್ಲಾದ್ದರಿಂದ, ಇಳಿದ ದಿನ ಮೂರೂ ವಲಯಗಳಿಗೆ ಸಲ್ಲುವ ಎಬಿಸಿ ಟಿಕೆಟನ್ನೇ ಕೊಳ್ಳಿ.